ಎಡಗಡೆಯ ಸೀಟು

ಹೋಟೆಲಿನ ಗಲ್ಲಾದಲ್ಲಿ ಕೂತವರು ಸಾಮಾನ್ಯವಾಗಿ ಒಳಗೆ ಬರುವವರ ಮುಖ ನೋಡುತ್ತಾರೆ. ಅಣ್ಣ ನೋಡುತ್ತಿದ್ದುದು ಹೊರಗೆ ಹೋಗುವವರ ಮುಖ. ಬಿಲ್ಲು ಕೊಟ್ಟು ಹೊರಟವರ ಕಡೆಗೆ ಸೋಂಪಿನ ತಟ್ಟೆಯನ್ನು ಎರಡು ಬೆರಳಲ್ಲಿ ಒಂದಿಷ್ಟು ಮುಂದೆ ಸರಿಸಿ ಒಂದೇ ಮಾತು ಕೇಳುತ್ತಿದ್ದರು: "ನಾಳೆ?" ಮರಾಠಿಯವರಾದರೆ "ಉದ್ಯಾ?" ಹಿಂದಿಯವರಾದರೆ "ಕಲ್?" ತಮ್ಮ ಊರ ಕಡೆಯ ತುಳುವರಾದರೆ "ಎಲ್ಲೆ?" ಬಾಯಿಬಿಟ್ಟು ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. ಎಲ್ಲರೂ ಸೋಂಪು ಬಾಯಿಗೆ ಹಾಕಿಕೊಂಡು, ತಲೆಯಾಡಿಸಿ, ಲೋಕಲ್ ಹಿಡಿಯಲು ಓಡುತ್ತಿದ್ದರು. ಅಣ್ಣನಿಗೆ ಅಷ್ಟು ಸಾಕಿತ್ತು.

ಹೋದ ತಿಂಗಳು ಡೊಂಬಿವಿಲಿಯಿಂದ ಅವರ ಅಳಿಯನ ಫೋನು ಬಂತು. ಅಳಿಯನೆಂದರೆ ತಂಗಿಯ ಮಗ. ಅಣ್ಣನಿಗೆ ಮಕ್ಕಳಿರಲಿಲ್ಲ. ಅಣ್ಣನ ಕ್ರಿಯೆಯೆಲ್ಲ ಮುಗಿಸಿಯೇ ಫೋನು ಮಾಡಿದ್ದ ಅವನು, ನನ್ನ ನಂಬರು ಸಿಗುವುದು ತಡವಾಯಿತೆಂದು ಅರೆಬರೆ ಕನ್ನಡದಲ್ಲಿ, ಉಳಿದದ್ದು ಹಿಂದಿಯಲ್ಲಿ ಹೇಳಿದ. ಫೋನಿಟ್ಟು ಕೂತಾಗ ನನ್ನ ಕಣ್ಣಿಗೆ ಕಟ್ಟಿದ್ದು ಅವರ ಮುಖವಲ್ಲ, ಆ ಎರಡು ಬೆರಳು.

ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮುಂಬಯಿಯಲ್ಲಿ ನಮ್ಮ ಕಡೆಯ ಹೋಟೆಲಿನವರೆಲ್ಲ ಅಣ್ಣಂದಿರೇ. ವಿಲೆ ಪಾರ್ಲೆಯ ಅವರ ಹೋಟೆಲಿಗೆ ನಾನು ಆಫೀಸಿನಿಂದ ಊಟಕ್ಕೆ ಹೋಗುತ್ತಿದ್ದೆ. ಮುಂದೆ ಮುಲುಂಡಿನಲ್ಲಿ ಮನೆ ಮಾಡಿ ಸಾಮಾನು ಏರಿಸುತ್ತಿದ್ದ ದಿನ, ಕೆಳಮನೆಯ ಬಾಗಿಲು ತೆರೆದು ಬನಿಯನ್ ತೊಟ್ಟ ಒಬ್ಬರು ಹೊರಬಂದು, "ಬೀರು ಅಡ್ಡ ಮಾಡಿ ತಿರುಗಿಸಿ, ಇಲ್ಲಾಂದ್ರೆ ಮೂಲೆಯಲ್ಲಿ ಸಿಕ್ಕಿ ಬೀಳ್ತದೆ" ಎಂದರು. ದನಿ ಗುರುತಾಯಿತು, ಮುಖ ಆಗಲಿಲ್ಲ. ಮುಂದೆ ಗಲ್ಲಾ ಇಲ್ಲದೆ ಅವರಿಗೆ ಸೊಂಟದ ಕೆಳಗೂ ಶರೀರ ಉಂಟೆಂದು ನನಗೆ ತಿಳಿದದ್ದೇ ಅಂದು.

ಇಲ್ಲೇ ಮುಂಬಯಿಯ ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನಲ್ಲಿ ಅಜ್ಜಿಯ ಬಾಯಿಂದ ಕಲಿತ ಧಾರವಾಡದ ಕನ್ನಡ ನನ್ನದು. ಅದನ್ನು ಕೇಳಿ ಅವರು, "ನಿಮ್ಮದು ಕನ್ನಡವಾ ಮಾರಾಯ್ರೆ, ಜೋಳದ ರೊಟ್ಟಿ ಬಡಿದ ಹಾಗೆ ಕೇಳ್ತದೆ" ಎಂದು ಛೇಡಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ನಿಮ್ಮದು ನೀರುದೋಸೀರಿ ಅಣ್ಣಾ, ಹಿಡಿದ್ರ ಹರೀತದ" ಎನ್ನುತ್ತಿದ್ದೆ. ನಮ್ಮ ಸ್ನೇಹ ಬೆಳೆದದ್ದು ಹೀಗೆ.

ಈಗ ಆ ಕಾರಿನ ವಿಷಯ ಹೇಳಬೇಕು. ಈ ದೇಶದಲ್ಲೇ ಯಾವುದೋ ಒಂದು ಸಣ್ಣ ಕಾರ್ಖಾನೆ ಹುಮ್ಮಸ್ಸಿನಲ್ಲಿ ಬೆರಳೆಣಿಕೆಯಷ್ಟು ಮಾಡಿ ಬಾಗಿಲು ಹಾಕಿದ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು. ಒಳಗೆ ಕೂತರೆ ನೆಲದ ಮೇಲೆ ಮಣೆ ಹಾಕಿ ಕೂತಷ್ಟು ತಗ್ಗು. ಹೋಟೆಲಿನ ಧಣಿಗಳ ತಮ್ಮನೊಬ್ಬ ಪ್ರಾಯದ ಭರದಲ್ಲಿ ಕೊಂಡು, ನಾಲ್ಕು ದಿನ ಮೆರೆದು, ಹೋಟೆಲಿನ ಹಿಂದೆ ಕೊಳೆಯಲು ಬಿಟ್ಟಿದ್ದ. ಮಾಣಿಗಳು ಅದರ ಬಾನೆಟ್ಟಿನ ಮೇಲೆ ನೆಲ ಒರೆಸುವ ಬಟ್ಟೆ ಒಣಗಿಸುತ್ತಿದ್ದರು. ಎಡಗಡೆಯ ಸೀಟಿನಲ್ಲಿ ಈರುಳ್ಳಿ ಗೋಣಿ ಇಡುತ್ತಿದ್ದರು. ಹೋಟೆಲು ಮುಚ್ಚುವ ದಿನ ಧಣಿಗಳು ಹಳಬರನ್ನೆಲ್ಲ ಕರೆದು, ನೆನಪಿಗೆಂದು ಏನು ಬೇಕೋ ತಗೊಂಡು ಹೋಗಿ ಎಂದರಂತೆ. ಒಬ್ಬ ಗ್ರೈಂಡರು ಕೇಳಿದ, ಒಬ್ಬ ಕಾಫಿ ಡಿಕಾಕ್ಷನ್ನಿನ ಹಂಡೆ ಕೇಳಿದ. ಅಣ್ಣ ಒಂದು ಅಟ್ಟಿ ಇಡ್ಲಿ ತಟ್ಟೆ ಕೇಳಿ, ಆಮೇಲೆ ಹಿತ್ತಲ ಕಡೆಗೆ ಕೈ ತೋರಿಸಿ, "ಅದೊಂದು" ಎಂದರು.

ಕಾರು ಟೆಂಪೋದಲ್ಲಿ ಮುಲುಂಡಿಗೆ ಬಂದು, ನಮ್ಮ ಬಿಲ್ಡಿಂಗಿನ ಹಿಂದೆ ಪಂಪ್ ರೂಮಿನ ಪಕ್ಕದ ತಗಡಿನ ಮಾಡಿನ ಕೆಳಗೆ ಇಟ್ಟಿಗೆಗಳ ಮೇಲೆ ಕೂತಿತು. ಅಣ್ಣನಿಗೆ ಕಾರಿನ ಕೆಲಸ ಏನೂ ಬರುತ್ತಿರಲಿಲ್ಲ. ಯಾಕ್ರೀ ಇದು ಎಂದು ಒಂದು ಸಲ ಕೇಳಿದ್ದೆ. ಅವರು ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟು: "ಜೀವಮಾನ ಇಡೀ ಒಂದು ಕುರ್ಚಿಯಲ್ಲಿ ಕೂತು ಹೋಗುವವರನ್ನು ಕಂಡೆ. ಒಮ್ಮೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೂ ಹೋಗ್ಬೇಕು."

ಅವಳು ಎಂದರೆ ಅವರ ಹೆಂಡತಿ. ನಾವು ಅಕ್ಕ ಎನ್ನುತ್ತಿದ್ದೆವು. ಅಣ್ಣ ಗಲ್ಲಾದಲ್ಲಿ ಕೂತಷ್ಟೂ ಕಾಲ ಅಕ್ಕ ಆ ಕೆಳಮನೆಯ ಅಡಿಗೆಮನೆಯಲ್ಲಿ ಒಬ್ಬರೇ ಇದ್ದವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಎಲ್ಲರೂ ಮಲಗಿದ ಮೇಲೆ ಬರುವ ಗಂಡ. ಜೊತೆಯಾಗಿ ಒಂದು ಸಿನಿಮಾ ಕಂಡ ನೆನಪೂ ಅವರಿಗಿರಲಿಲ್ಲ. ಈಗ ರಿಟೈರಾಗಿ ಮನೆಗೆ ಬಂದ ಗಂಡ ಹಿತ್ತಲಿನಲ್ಲಿ ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದರೆ ಸಿಟ್ಟು ಬಾರದೆ ಇರುತ್ತದೆಯೇ? ಗಂಡ ಬಂದು ಒಮ್ಮೆ ಕೂತು ನೋಡು ಎಂದು ಕರೆದಾಗಲೆಲ್ಲ ಅಕ್ಕನದು ಒಂದೇ ಉತ್ತರ.

"ಅದು ಓಡಿದ ದಿನ ಕೂರ್ತೇನೆ. ನಿಂತ ಗಾಡಿಯಲ್ಲಿ ಕೂರ್ಲಿಕ್ಕೆ ನಾನೆಂತ ಉತ್ಸವಮೂರ್ತಿಯಾ? ಅದೂ ಈರುಳ್ಳಿ ಕೂತ ಸೀಟಿನಲ್ಲಿ."

ಅಣ್ಣ ಕಾರು ರಿಪೇರಿ ಮಾಡಿದ್ದು ಪೂರಾ ಹೋಟೆಲಿನ ಪದ್ಧತಿಯಲ್ಲಿ. ತುಕ್ಕು ಹಿಡಿದ ಬೋಲ್ಟುಗಳನ್ನು ಹುಳಿ ಮಜ್ಜಿಗೆಯಲ್ಲಿ ನೆನೆ ಹಾಕುತ್ತಿದ್ದರು. ಬಿಚ್ಚಿದ ಒಂದೊಂದು ಭಾಗದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಹಾಕಿ, ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿ, ಅಡಿಗೆಮನೆಯ ಕಟ್ಟೆಯ ಕೆಳಗೆ ಇಡುತ್ತಿದ್ದರು. ಒಮ್ಮೆ ಮನೆಗೆ ಬಂದ ನಂಟರೊಬ್ಬರು ಇಡ್ಲಿ ಆಗಿದೆಯೆಂದು ಮುಚ್ಚಳ ತೆಗೆದು ಕಾರ್ಬ್ಯುರೇಟರಿನ ಸ್ಪ್ರಿಂಗು ನೋಡಿ ದಂಗಾದರು. ಮೆಕ್ಯಾನಿಕ್ಕನ್ನು ಕರೆಸಿದರೆ ಅವನಿಗೆ ಮೊದಲು ತಿಂಡಿ, ಆಮೇಲೆ ಕೆಲಸ. ಹಸಿದವನ ಕೈಯಲ್ಲಿ ನಟ್ಟು ಸರಿ ಕೂರುವುದಿಲ್ಲವೆಂದು ಅವರ ವಾದ. ತಿಂದವನು ನಿದ್ದೆ ಹೋಗುತ್ತಿದ್ದ, ಅದು ಬೇರೆ.

ಆಯುಧಪೂಜೆಗೆ ಇಟ್ಟಿಗೆಗಳ ಮೇಲಿನ ಆ ಕಾರಿಗೂ ಚೆಂಡು ಹೂವಿನ ಮಾಲೆ ತಪ್ಪುತ್ತಿರಲಿಲ್ಲ. ಚಕ್ರದಡಿ ಇಡಬೇಕಾದ ಲಿಂಬೆಹಣ್ಣು ಹಿಡಿದು, ಚಕ್ರವಿಲ್ಲದ ಗಾಡಿಯ ಸುತ್ತ ಅಣ್ಣ ತಿರುಗುತ್ತಿದ್ದರೆ ಅಕ್ಕ ಕಿಟಕಿಯಿಂದಲೇ, "ಇಟ್ಟಿಗೆಗೆ ದೃಷ್ಟಿ ಆಗುದಿಲ್ಲ, ಅದನ್ನು ತನ್ನಿ, ಶರಬತ್ತಾದರೂ ಮಾಡುವ" ಎನ್ನುತ್ತಿದ್ದರು. ಹಿತ್ತಲಿಗೆ ಮಾತ್ರ ಇಳಿಯುತ್ತಿರಲಿಲ್ಲ.

ಆ ಕಾರಿನ ಬೆಲೆ ಏನೆಂದು ತಿಳಿಸಿದವರು ದಕ್ಷಿಣ ಮುಂಬಯಿಯ ಒಬ್ಬ ಸಾಹೇಬರು. ಹಳೆಯ ಕಾರುಗಳನ್ನು ಕೂಡಿಹಾಕುವ ದೊಡ್ಡ ಮನೆತನದವರು. ಯಾರಿಂದಲೋ ಕೇಳಿ ಬಂದು, ಮಾಡಿನ ಕೆಳಗೆ ಮೊಣಕಾಲೂರಿ ನೋಡಿ, ಬಾನೆಟ್ಟಿನೊಳಗಿದ್ದ ಬೆರಳುದ್ದದ ಒಂದು ಹಿತ್ತಾಳೆ ಪಟ್ಟಿಯನ್ನು ಅಣ್ಣನಿಗೆ ತೋರಿಸಿದರು. ಕಾರ್ಖಾನೆ ಮಾಡಿದ ಆ ಕೆಲವೇ ಕಾರುಗಳಲ್ಲಿ ಇದು ಎಷ್ಟನೆಯದು ಎಂಬ ಅಂಕಿ ಅದರ ಮೇಲೆ ಕಪ್ಪು ಬಣ್ಣದಲ್ಲಿ ಅಚ್ಚಾಗಿತ್ತು. ಈ ಪಟ್ಟಿ ಉಳಿದ ಕಾರು ಬೇರೆಲ್ಲೂ ಕಂಡಿಲ್ಲ, ಜೋಪಾನ, ಓಡುವಂತಾದ ದಿನ ನಮ್ಮ ಹಳೆ ಕಾರುಗಳ ಮೆರವಣಿಗೆಯಲ್ಲಿ ನಿಮ್ಮದೂ ಬರಬೇಕು ಎಂದು ಹೇಳಿ ಹೋದರು. ಅಂದಿನಿಂದ ಅಣ್ಣನಿಗೆ ಒಂದು ಹೊಸ ಲೋಕ ತೆರೆಯಿತು. ಸಾಹೇಬರ ಬಳಗದವರು ಭಾನುವಾರ ಬರುತ್ತಿದ್ದರು, ಮಾಡಿನ ಕೆಳಗೆ ನಿಂತು ಕಾಫಿ ಕುಡಿಯುತ್ತಿದ್ದರು. ಅಣ್ಣ ಪಟ್ಟಿಯನ್ನು ಬಿಚ್ಚಿ, ಕಳೆದುಹೋಗದಿರಲೆಂದು ಇಡ್ಲಿ ತಟ್ಟೆಯ ನಡುಗುಳಿಯಲ್ಲಿ ಇಟ್ಟರು. ಅದೇ ತಪ್ಪಾಯಿತು.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ನಾನು ಅವರ ಮನೆಗೆ ಹೋಗಿದ್ದೆ. ಕರಾವಳಿಯವರ ಮನೆಗಳಲ್ಲಿ ಅಂದು ಹಿತ್ತಾಳೆ ಎಂಬುದೆಲ್ಲ ಹೊರಗೆ ಬರುತ್ತದೆ. ಬಾಲ್ಕನಿಯಲ್ಲಿ ಪೇಪರು ಹಾಸಿ ಅಕ್ಕ ಕಾಲುದೀಪ, ಗಂಟೆ, ಕಲಶ, ಆರತಿ ತಟ್ಟೆಗಳನ್ನು ಸಾಲಾಗಿ ಬಿಸಿಲಿಗಿಟ್ಟಿದ್ದರು. ಎಲ್ಲ ಹುಣಸೆಹುಳಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದ್ದು. ಸಾಲಿನ ಕೊನೆಯಲ್ಲಿ ಆ ಪಟ್ಟಿ ಇತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಅಂಕಿಯೂ ಇರಲಿಲ್ಲ.

"ನಿಮ್ಮ ಅಣ್ಣನ ಗಾಡಿದು" ಎಂದು ಅಕ್ಕ ಹೆಮ್ಮೆಯಿಂದ ಹೇಳಿದರು. "ಕಪ್ಪು ಕಪ್ಪು ಎಂತದೋ ಹಿಡಿದಿತ್ತು, ಬಿಡ್ಲಿಕ್ಕೇ ತಯಾರಿಲ್ಲ. ನಾಳೆ ಪೂಜೆಗೆ ಹಾಗೇ ಇಟ್ರೆ ಚೆಂದ ಉಂಟಾ?"

ಅಷ್ಟರಲ್ಲಿ ಅಣ್ಣ ಕೈ ತೊಳೆದುಕೊಂಡು ಬಂದರು. ಪಟ್ಟಿಯನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಚೆಂದ ಆಯ್ತು" ಎಂದರು. ಆಮೇಲೆ, "ಹಾಗಾದ್ರೆ ಕೂರ್ತೀಯಾ?"

"ಓಡ್ಲಿ ಮೊದಲು" ಎಂದು ಅಕ್ಕ ಗಂಟೆಯನ್ನು ಇನ್ನೊಮ್ಮೆ ಒರೆಸತೊಡಗಿದರು. ನಗು ಬಂದದ್ದು ಕಾಣದಿರಲೆಂದು ತಲೆ ಬಗ್ಗಿಸಿದ್ದರು.

ಹಿತ್ತಲಿಗೆ ಬಂದ ಮೇಲೆ ಅಣ್ಣ ಹೇಳಿದರು: "ಅವಳಿಗೆ ಹೇಳ್ಬೇಡಿ ಮಾರಾಯ್ರೆ. ಇಷ್ಟು ವರ್ಷದಲ್ಲಿ ಅವಳು ಈ ಗಾಡಿಗೆ ಕೈ ಹಾಕಿದ್ದು ಇವತ್ತೇ."

ಮರುದಿನ ಪೂಜೆಯಲ್ಲಿ ಬೋಳು ಪಟ್ಟಿಗೆ ಕುಂಕುಮವಿಟ್ಟವರು ಅಕ್ಕನೇ. ಅದಕ್ಕಾಗಿ ಮೊದಲ ಸಲ ಮೆಟ್ಟಿಲಿಳಿದು ಮಾಡಿನ ಕೆಳಗೆ ಬಂದರು. ಸೀಟಿಗೆ ಹೋಟೆಲಿನ ಕುರ್ಚಿಗಳ ಬಣ್ಣದ್ದೇ ಮೆರೂನ್ ರೆಕ್ಸಿನ್ ಹಾಕಿಸಿದ್ದನ್ನು ಅಂಗೈಯಲ್ಲಿ ಒತ್ತಿ ನೋಡಿದರು. ಈರುಳ್ಳಿ ವಾಸನೆ ಹೋಗಿದೆ ಎಂದು ಒಪ್ಪಿಕೊಂಡರು. ಆದರೆ ಕೂರಲಿಲ್ಲ. ಕಾರು ಇನ್ನೂ ಓಡಿರಲಿಲ್ಲವಲ್ಲ.

ಆ ಚಳಿಗಾಲದಲ್ಲಿ ಅಕ್ಕ ಆಸ್ಪತ್ರೆ ಸೇರಿದರು. ನಾನು ಆಫೀಸಿನಿಂದ ಬರುವಾಗ ದಿನಾ ಅಲ್ಲಿ ಇಳಿದು ಅಣ್ಣನ ಜೊತೆ ಮನೆಗೆ ಬರುತ್ತಿದ್ದೆ. ಅಕ್ಕ ದಿನಾ ಕೇಳುತ್ತಿದ್ದದ್ದು ಎಂಜಿನ್ನಿನ ಯೋಗಕ್ಷೇಮ. ಹೊರಗಿನವರು ಹೊರಡಬೇಕೆಂದು ನರ್ಸು ಹೇಳಿದ ಮೇಲೆ ಅಣ್ಣ ಎದ್ದು, ಮಂಚದ ಅಂಚಿನಲ್ಲಿ ಎರಡು ಬೆರಳನ್ನು ಒಂದಿಷ್ಟು ಮುಂದೆ ಸರಿಸಿ, "ಎಲ್ಲೆ?" ಎನ್ನುತ್ತಿದ್ದರು. ಅಲ್ಲಿ ಸೋಂಪಿನ ತಟ್ಟೆ ಇರಲಿಲ್ಲ. "ನಾನೇನು ನಿಮ್ಮ ಗಿರಾಕಿಯಾ?" ಎಂದು ಮೊದಲ ದಿನ ಅಕ್ಕ ನಕ್ಕರು. ಆಮೇಲಿನ ದಿನಗಳಲ್ಲಿ ಗಿರಾಕಿಗಳ ಹಾಗೆಯೇ ತಲೆಯಾಡಿಸತೊಡಗಿದರು. ಒಂದು ಸಂಜೆ ಆಡಿಸಲಿಲ್ಲ. ನಿದ್ದೆ ಬಂದಿರಬೇಕೆಂದು ನಾವು ಬಂದುಬಿಟ್ಟೆವು. ಬೆಳಗಾಗುವುದರೊಳಗೆ ಹೋಗಿದ್ದರು.

ಹೆಂಡತಿ ಹೋದ ಮೇಲೆ ಕಾರಿನ ಕೆಲಸ ನಿಲ್ಲುತ್ತದೆಂದು ನಾವೆಲ್ಲ ಎಣಿಸಿದ್ದೆವು. ಮೊದಲಿಗಿಂತ ಹೆಚ್ಚಾಯಿತು. ಸಂಜೆ ಕೆಳಗಿಳಿದರೆ ಮಾಡಿನ ಕೆಳಗೆ ಬಲ್ಬು ಉರಿಯುತ್ತಿರುತ್ತಿತ್ತು. ಕೆಲವೊಮ್ಮೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ಏನೂ ಮಾಡದೆ ಕೂತಿರುತ್ತಿದ್ದರು. ಒಬ್ಬರಿಗೆಂದು ಸಾರು ಮಾಡಲು ಅವರಿಗೆ ಬರುತ್ತಿರಲಿಲ್ಲ. ಹೋಟೆಲಿನ ಕೈ ಅದು, ಮಾಡಿದರೆ ಒಂದು ಪಂಕ್ತಿಗೆ ಆಗುವಷ್ಟು. ಉಳಿದದ್ದನ್ನು ವಾಚ್‌ಮನ್ನಿಗೆ, ನಮಗೆ, ಮೇಲಿನವರಿಗೆ ಹಂಚುತ್ತಿದ್ದರು. ಬಿಲ್ಡಿಂಗಿನವರು ಪಾತ್ರೆ ತೊಳೆದು ವಾಪಸು ಕೊಟ್ಟು, ಥ್ಯಾಂಕ್ಯೂ ಅಂಕಲ್ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮುಂಬಯಿಯ ಬಿಲ್ಡಿಂಗಿನಲ್ಲಿ ಇದಕ್ಕಿಂತ ಹೆಚ್ಚಿನ ಕೊಡುಕೊಳ್ಳುವಿಕೆಯನ್ನು ಯಾರೂ ಬಯಸುವಂತಿಲ್ಲ. ಹಾಗೆ ನೋಡಿದರೆ ಭಾನುವಾರದ ಸಾಹೇಬರ ಬಳಗವೊಂದೇ ಅವರ ಜೊತೆ ಹೊತ್ತು ಕಳೆದು ಹೋಗುತ್ತಿದ್ದದ್ದು.

ಚಕ್ರ ಹಾಕಿಸಿ ಇಟ್ಟಿಗೆಗಳಿಂದ ಇಳಿಸಿದ ಮೇಲೆ ಒಂದು ಬೆಳಿಗ್ಗೆ ಎಂಜಿನ್ನು ಹತ್ತಿತು. ಮೇಲಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಅಣ್ಣ ಒಂದು ಚಂಬು ನೀರಿನಿಂದ ನಾಲ್ಕು ಹನಿ ಎಂಜಿನ್ನಿನ ಮೇಲೆ ಚಿಮುಕಿಸಿ, ದೋಸೆ ಕಾವಲಿಯ ಸದ್ದು ಆಲಿಸುವಂತೆ ಕಿವಿಗೊಟ್ಟು, ಕಾವು ಸರಿ ಇದೆ ಎಂದರು. ಗೇಟಿನ ಹೊರಗೆ ಒಂದು ಸುತ್ತು ಹೋಗಿ ಬಂದು ನಿಲ್ಲಿಸಿದಾಗ ನಾನು ಖುಷಿಯಲ್ಲಿ ಎಡಗಡೆಯ ಬಾಗಿಲಿಗೆ ಕೈ ಹಾಕಿದೆ.

"ನಾ ಒಂದ್ ರೌಂಡ್ ಕೂಡ್ಲೇನ್ರಿ ಅಣ್ಣಾ?"

"ಸೀಟು ಇನ್ನೂ ಸರಿ ಕೂತಿಲ್ಲ ಮಾರಾಯ್ರೆ" ಎಂದರು, ಎದುರಿನ ಗಾಜನ್ನೇ ನೋಡುತ್ತ. ನಾನು ಕೈ ತೆಗೆದೆ. ಸೀಟು ಬಂಡೆಯ ಹಾಗೆ ಕೂತಿದೆಯೆಂದು ಇಬ್ಬರಿಗೂ ಗೊತ್ತಿತ್ತು.

ಸುದ್ದಿ ಕೇಳಿ ಸಾಹೇಬರು ಓಡಿಬಂದರು. ಬಾನೆಟ್ಟು ಎತ್ತಿ, ಸ್ವಸ್ಥಾನದಲ್ಲಿ ಸ್ಕ್ರೂ ಹಾಕಿ ಕೂರಿಸಿದ್ದ ಬೋಳು ಪಟ್ಟಿ ನೋಡಿ ಅವರ ಮುಖದಿಂದ ಬಣ್ಣ ಇಳಿಯಿತು.

"ಯೇ ಕಿಸ್ನೇ ಕಿಯಾ, ಅಣ್ಣಾ?"

"ಮೈನೇ" ಎಂದರು ಅಣ್ಣ, ಒಂದು ಕ್ಷಣವೂ ತಡವಿಲ್ಲದೆ. "ಹೋಟೆಲ್ ಕಾ ಆದ್ಮೀ ಹೈ ಸಾಬ್, ಪೀತಲ್ ದೇಖಾ ತೋ ಘಿಸ್ ದಿಯಾ." ಹೋಟೆಲಿನವನಲ್ಲವೇ, ಹಿತ್ತಾಳೆ ಕಂಡೊಡನೆ ತಿಕ್ಕಿಬಿಟ್ಟೆ ಎಂದು.

ಸಾಹೇಬರು ಒಳ್ಳೆಯವರು, ಗದರಲಿಲ್ಲ. ಅಂಕಿ ತಮ್ಮಲ್ಲಿ ಬರೆದಿಟ್ಟಿದೆ, ಅದೇ ಅಳತೆಯ ಹೊಸ ಪಟ್ಟಿ ಮಾಡಿಸಿ ಇದನ್ನು ಕಿತ್ತು ಅದನ್ನು ಹಾಕೋಣ ಎಂದರು. ಅಂಕಿಯಿಲ್ಲದೆ ಮೆರವಣಿಗೆಯ ಸಾಲಿಗೆ ಬಿಡುವುದಿಲ್ಲ, ಬಳಗ ಒಪ್ಪುವುದಿಲ್ಲ. ಅಣ್ಣ ಪಟ್ಟಿ ಕೀಳಲು ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಮೊದಲು ಸಾಹೇಬರಿಗೆ ಅದು ತಮಾಷೆಯೆನಿಸಿತು, ಆಮೇಲೆ ಹಟವೆನಿಸಿತು. ಭಾನುವಾರ ಬರುವವರು ಕಡಿಮೆಯಾಗಿ ಪೂರಾ ನಿಂತೇಹೋದರು. ಆ ಬೆಳಿಗ್ಗೆಗಳಲ್ಲಿ ಅಣ್ಣ ಅಭ್ಯಾಸಬಲದಿಂದ ಒಂದು ಫ್ಲಾಸ್ಕು ಕಾಫಿ ಮಾಡಿ ಮಾಡಿನ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ನಾನು ಇಳಿದು ಹೋಗಿ ಒಂದು ಲೋಟ ಕುಡಿದರೆ ಇನ್ನೂ ಮುಕ್ಕಾಲು ಫ್ಲಾಸ್ಕು ಉಳಿಯುತ್ತಿತ್ತು.

ಅಷ್ಟರಲ್ಲಿ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಎಲ್ಲರೂ ಮನೆ ಖಾಲಿ ಮಾಡಬೇಕು. ನಾವು ಅಲ್ಲೇ ಹತ್ತಿರ ಬಾಡಿಗೆಗೆ ಹಿಡಿದೆವು. ಅಣ್ಣ ಡೊಂಬಿವಿಲಿಗೆ, ಅಳಿಯನ ಮನೆಯ ಒಂದು ಕೋಣೆಗೆ. ಅಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ. ಗುಜರಿಯವನು ಎರಡು ಸಲ ಬಂದು ಮಾಡಿನ ಸುತ್ತ ಸುಳಿದು ಹೋದ. ಅವನು ಎರಡನೆಯ ಸಲ ಬಂದುಹೋದ ಸಂಜೆ ಅಣ್ಣ ನನ್ನ ಮನೆಗೆ ಬಂದು, ಸಾಹೇಬರಿಗೆ ಫೋನು ಹಚ್ಚಿಕೊಡಿ, ಗಾಡಿ ಅವರೇ ಇಟ್ಟುಕೊಳ್ಳಲಿ ಎಂದರು.

ಸಾಹೇಬರು ಡ್ರೈವರನನ್ನು ಕರೆದುಕೊಂಡು, ಹೊಸ ಪಟ್ಟಿಯನ್ನೂ ಹಿಡಿದುಕೊಂಡೇ ಬಂದರು. ಬಾನೆಟ್ಟು ತೆರೆದರು. ಹಳೆಯದನ್ನು ಬಿಚ್ಚಲು ಡ್ರೈವರನು ಸ್ಕ್ರೂಡ್ರೈವರ್ ತೆಗೆದಾಗ ಅಣ್ಣ ಅವನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿಯೇನಲ್ಲ.

"ಸಾಬ್, ಊಪರ್ ಸೇ ಲಗಾ ದೋ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ: "ಅವರಿಗೆ ಸರಿಯಾಗಿ ಹೇಳಿ ಮಾರಾಯ್ರೆ. ಅವರ ನಂಬರು ಮೇಲಿಂದ ಹಾಕ್ಲಿ. ಕೆಳಗಿದ್ದದ್ದು ಕೆಳಗೇ ಇರ್ಲಿ. ಅದನ್ನು ಯಾರೂ ತೆಗೀಬಾರ್ದು. ಅಷ್ಟೇ ನಂದು."

ನಾನು ಹೇಳಿದೆ. ಯಾಕೆ ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿದೆ. ಅಣ್ಣ ತಡೆಯಲಿಲ್ಲ. ಸಾಹೇಬರು ಡ್ರೈವರನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಹೊಸ ಪಟ್ಟಿಯನ್ನು ಹಳೆಯದರ ಮೇಲೆ ತಾವೇ ಕೂರಿಸಿದರು. ಉದ್ದದ ಸ್ಕ್ರೂ ಬೇಕಾಯಿತು. ಅಣ್ಣ ಇಡ್ಲಿ ತಟ್ಟೆಯ ಯಾವುದೋ ಗುಳಿಯಿಂದ ಹುಡುಕಿ ಕೊಟ್ಟರು.

ಮುಂದಿನ ವರ್ಷ ಫೋರ್ಟ್ ಭಾಗದಲ್ಲಿ ಮೆರವಣಿಗೆ ನಡೆದಾಗ ಸಾಹೇಬರು ನಮ್ಮಿಬ್ಬರನ್ನೂ ಕರೆದಿದ್ದರು. ಒಳಗಿನ ಕುರ್ಚಿಗಳಲ್ಲಿ ಕೂರಲು ಅಣ್ಣ ಒಪ್ಪಲಿಲ್ಲ, ಜನರ ನಡುವೆ ಹಗ್ಗದ ಈಚೆ ನಿಂತೆವು. ಅವರು ಡೊಂಬಿವಿಲಿಯಿಂದ ಫಾಸ್ಟ್ ಲೋಕಲಿನಲ್ಲಿ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೈ ಇಳಿದುಹೋಗಿತ್ತು. ಊಟ ಸರಿಯಾಗಿ ಮಾಡ್ತೀರಿಲ್ಲೋ ಎಂದು ಕೇಳಿದೆ. ಅಳಿಯನ ಹೆಂಡತಿ ಒಳ್ಳೆಯವಳು, ಹೊತ್ತುಹೊತ್ತಿಗೆ ಹಾಕ್ತಾಳೆ, ಆದರೆ ಎಲ್ಲರೂ ಒಂದೊಂದು ಹೊತ್ತಿಗೆ ಉಣ್ಣುವುದು ಎಂದರು.

ಒಂದೊಂದಾಗಿ ಕಾರುಗಳು ಬಂದವು. ನಮ್ಮದು ಬರುವ ಮೊದಲೇ ಅದರ ಸದ್ದು ಅಣ್ಣನಿಗೆ ತಿಳಿಯಿತು, ನನ್ನ ತೋಳು ಹಿಡಿದರು. ಧ್ವನಿವರ್ಧಕದಲ್ಲಿ ಆ ಕಾರಿನ ಹೆಸರು, ಎಷ್ಟು ಅಪರೂಪದ್ದು, ಎಷ್ಟನೆಯದು ಎಂಬುದನ್ನೆಲ್ಲ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅಣ್ಣನ ಹೆಸರು ಬರಲಿಲ್ಲ. ಸಾಹೇಬರು ಓಡಿಸುತ್ತಿದ್ದರು. ಎಡಗಡೆಯ ಸೀಟಿನಲ್ಲಿ ಒಬ್ಬ ವಯಸ್ಸಾದ ಹೆಂಗಸು, ಸಾಹೇಬರ ಹೆಂಡತಿಯಿರಬೇಕು, ತಲೆಗೆ ಸ್ಕಾರ್ಫು ಕಟ್ಟಿ ಆರಾಮಾಗಿ ಒರಗಿದ್ದರು.

"ಸೀಟು ಸರಿ ಕೂತಿದೆ" ಎಂದರು ಅಣ್ಣ.

ಕಾರು ನಮ್ಮೆದುರಿಗೆ ಬಂದಾಗ ಅವರ ಬಲಗೈ ಹಗ್ಗದ ಮೇಲಿತ್ತು. ಎರಡು ಬೆರಳು ಒಂದಿಷ್ಟು ಮುಂದೆ ಸರಿದವು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಸಣ್ಣಗೆ ಅಂದರು: "ಎಲ್ಲೆ?"

ಆ ಗದ್ದಲದಲ್ಲಿ ಅದು ಕಾರಿನವರೆಗೆ ಮುಟ್ಟುವ ಹಾಗಿರಲಿಲ್ಲ. ಆದರೂ ಆ ಹೆಂಗಸು ನಮ್ಮ ಕಡೆಯ ಗುಂಪಿನಲ್ಲಿ ಯಾರನ್ನೋ ಕಂಡವರ ಹಾಗೆ ತಲೆಯಾಡಿಸಿದರು. ಕಾರು ಮುಂದೆ ಹೋಯಿತು. ಅಣ್ಣ ಹಗ್ಗದಿಂದ ಕೈ ತೆಗೆದು, ಇನ್ನು ಹೊರಡುವ, ಲೋಕಲು ತುಂಬುವ ಮೊದಲು ಎಂದರು.